ಲೋವೆಲ್ ಮಿಲ್ಲಿನ ಮೇರಿ ಪಾಲ್ ಪತ್ರಗಳು: ಮೂರೇ ವರ್ಷದಲ್ಲಿ ಅವಳ ಮಾತು ಯಾಕೆ ಬದಲಾಯಿತು?

ಹೇಮಾವತಿ ತೀರ:
ಅಮೆರಿಕದ ಮೇರಿ ಪಾಲ್ ಎಂಬ ಹುಡುಗಿ ಅಪ್ಪನಿಗೆ ಬರೆದ ಪತ್ರಗಳನ್ನು ಇಲ್ಲಿ ಯಾರಾದರೂ ಓದಿದ್ದೀರಾ? ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ. ಗೊತ್ತಿರುವವರು ದಯವಿಟ್ಟು ಬರೆಯಿರಿ.

ಹುಡುಗಿ ವರ್ಮಾಂಟ್ ರಾಜ್ಯದ ಹಳ್ಳಿಗಾಡಿನವಳು. ಸ್ವಲ್ಪ ದಿನ ಬೇರೆಯವರ ಮನೆಯಲ್ಲಿ ಕೆಲಸಕ್ಕಿದ್ದು, ಆಮೇಲೆ ನೆಂಟರ ಮನೆಯಲ್ಲಿದ್ದಳು. 1845ರ ಸೆಪ್ಟೆಂಬರ್‌ನಲ್ಲಿ, 15ನೇ ವಯಸ್ಸಿನಲ್ಲಿ, ಅಪ್ಪನಿಗೆ ಬರೆಯುತ್ತಾಳೆ: ಲೋವೆಲ್‌ಗೆ ಹೋಗಲು ಒಪ್ಪಿಗೆ ಕೊಡಿ, ನನಗೆ ಬಟ್ಟೆ ಬೇಕು, ಇಲ್ಲೇ ಇದ್ದರೆ ಅದು ಆಗುವ ಮಾತಲ್ಲ. ಲೋವೆಲ್ ಅಂದರೆ ಮಸಾಚುಸೆಟ್ಸ್ ರಾಜ್ಯದ ಮಿಲ್ಲುಗಳ ಊರು. ನವೆಂಬರ್‌ನಲ್ಲಿ ಅಲ್ಲಿ ನೂಲುವ ವಿಭಾಗ ಸೇರಿಕೊಂಡಳು. ಡಿಸೆಂಬರ್ ಪತ್ರದಲ್ಲಿ, ಕಾರ್ಖಾನೆಯೇ ನನಗೆ ಒಳ್ಳೆಯ ಜಾಗ, ಕೆಲಸ ಬೇಕೆನ್ನುವ ಹುಡುಗಿಯರು ಯಾರಿದ್ದರೂ ಲೋವೆಲ್‌ಗೆ ಬರಲಿ ಅನ್ನುತ್ತಾಳೆ. ನಡುವೆ ಊರಿಗೆ ಹೋಗಿ ಮತ್ತೆ ಬಂದವಳು 1848ರ ನವೆಂಬರ್‌ನಲ್ಲಿ ಬರೆಯುವುದೇ ಬೇರೆ. ಜೀವನದಲ್ಲೇ ಇಷ್ಟು ಕಷ್ಟದ ಕೆಲಸ ಮಾಡಿಲ್ಲ, ತಡೆದುಕೊಳ್ಳಲು ಆಗುತ್ತೋ ಇಲ್ಲವೋ ಅನ್ನಿಸುತ್ತೆ ಅಂತ.

ಬದಲಾಗಿದ್ದು ಮಿಲ್ಲೋ, ಹುಡುಗಿಯೋ? ಅಥವಾ ಮೊದಲ ಪತ್ರಗಳಲ್ಲಿ ಅಪ್ಪನಿಗೆ ಬೇಜಾರಾಗಬಾರದು ಅಂತ ಮುಚ್ಚಿಟ್ಟಿದ್ದಳೋ?

ಇತಿಹಾಸದ ಮೇಷ್ಟ್ರು:
ಬದಲಾಗಿದ್ದು ಮಿಲ್ಲು. 1840ರ ದಶಕದಲ್ಲಿ ಲೋವೆಲ್ ಮಾಲೀಕರು ಮೂರು ಕೆಲಸ ಮಾಡಿದರು. ಯಂತ್ರದ ವೇಗ ಹೆಚ್ಚಿಸಿದರು. ಒಬ್ಬೊಬ್ಬ ಹುಡುಗಿ ನೋಡಿಕೊಳ್ಳಬೇಕಾದ ಯಂತ್ರಗಳ ಸಂಖ್ಯೆ ಹೆಚ್ಚಿಸಿದರು. ಕೂಲಿ ದರ ಇಳಿಸಿದರು. ಜೊತೆಗೆ, ತನ್ನ ವಿಭಾಗದಲ್ಲಿ ಜಾಸ್ತಿ ಉತ್ಪಾದನೆ ತೆಗೆಸುವ ಮೇಲ್ವಿಚಾರಕನಿಗೆ ಪ್ರತ್ಯೇಕ ಬಹುಮಾನದ ಹಣ. ಇಷ್ಟಾದ ಮೇಲೆ ಕೆಲಸ ಹಗುರ ಇರುತ್ತದೆಯೇ?

1848ರ ಅದೇ ಪತ್ರದ ಮುಂದಿನ ಮಾತು ನೋಡಿ. ಕಂಪನಿಯವರು ದಿನಾ ಅಪಾರ ನಷ್ಟ ಅಂತ ಹೇಳಿಕೊಂಡು ಕೂಲಿ ಇಳಿಸುತ್ತಿದ್ದಾರೆ, ಆದರೆ ಒಂದೇ ಸಮ ರಿಪೇರಿ ಮಾಡಿಸುತ್ತಲೇ ಇದ್ದಾರೆ, ನಿಜವಾಗಿ ಮಿಲ್ಲು ನಿಲ್ಲಿಸುವ ಪರಿಸ್ಥಿತಿ ಇದ್ದರೆ ಹಾಗೆ ಖರ್ಚು ಮಾಡುತ್ತಿದ್ದರೇ ಅಂತ ಕೇಳುತ್ತಾಳೆ. 18 ವರ್ಷದ ಹುಡುಗಿ ಕಂಪನಿಯ ಲೆಕ್ಕವನ್ನು ಹೀಗೆ ಓದಿದ್ದಾಳೆ. ಇಷ್ಟು ಚುರುಕು ಬುದ್ಧಿಯವಳನ್ನು ಬರೀ ಪಾಪದ ಹುಡುಗಿ ಅಂತ ನೋಡಬೇಡಿ.

ರಾಗಿ ಹೊಲ:
ಮೇಷ್ಟ್ರೇ, ಹುಡುಗಿಯೂ ಬದಲಾಗಿದ್ದಾಳೆ ಅಲ್ವಾ? 15ಕ್ಕೆ ಮೊದಲ ಸಂಬಳ ಕೈಗೆ ಬಂದರೆ ಎಲ್ಲಾ ಚೆಂದ ಕಾಣುತ್ತದೆ.

ಬಾಸ್ಟನ್ ಕನ್ನಡತಿ:
ನಾನಿರುವುದು ಲೋವೆಲ್‌ಗೆ ಹತ್ತಿರದಲ್ಲೇ. ಹಳೆಯ ಮಿಲ್ಲುಗಳಲ್ಲಿ ಕೆಲವನ್ನು ಈಗ ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಅಂತ ಉಳಿಸಿಕೊಂಡಿದ್ದಾರೆ. ಬೂಟ್ ಮಿಲ್ ಮ್ಯೂಸಿಯಂನಲ್ಲಿ ಒಂದು ಮಹಡಿ ತುಂಬ ಮಗ್ಗಗಳಿವೆ, ಅದರಲ್ಲಿ ಕೆಲವನ್ನು ಓಡಿಸಿ ತೋರಿಸುತ್ತಾರೆ. ಒಳಗೆ ಹೋಗುವಾಗ ಕಿವಿಗೆ ಇಟ್ಟುಕೊಳ್ಳಲು ಬಿರಡೆ ಕೊಡುತ್ತಾರೆ. ಇಟ್ಟುಕೊಂಡರೂ ಪಕ್ಕದಲ್ಲಿ ನಿಂತವರ ಮಾತು ಕೇಳಿಸಲಿಲ್ಲ. ನೆಲ ನಡುಗುವುದು ಅಂಗಾಲಿಗೆ ಗೊತ್ತಾಗುತ್ತಿತ್ತು. ನನ್ನ ಮಗಳು ನನ್ನ ಕೈ ಎಳೆದುಕೊಂಡು ಹೊರಗೆ ಬಂದಳು.

ಆ ಕಾಲದಲ್ಲಿ ಎಲ್ಲಾ ಮಗ್ಗಗಳೂ ಒಟ್ಟಿಗೆ ಓಡುತ್ತಿದ್ದವು. ಕಿವಿಗೆ ಏನೂ ಇಲ್ಲ. ಎಳೆ ಒಣಗಿದರೆ ತುಂಡಾಗುತ್ತದೆ ಅಂತ ಕಿಟಕಿಗಳನ್ನು ಮುಚ್ಚಿಡುತ್ತಿದ್ದರು. ಒಳಗೆಲ್ಲಾ ಹತ್ತಿಯ ಧೂಳು. ಲಾಳಿಯ ತೂತಿನಿಂದ ನೂಲನ್ನು ಬಾಯಲ್ಲಿ ಹೀರಿ ಎಳೆಯಬೇಕಿತ್ತು. ಎಲ್ಲರ ಬಾಯಿಗೂ ಅದೇ ಲಾಳಿ.

ಮಿಲ್ ಭೋಂಗಾ:
ನಮ್ಮಪ್ಪ ಹುಬ್ಬಳ್ಳಿ ಕಡೆಯ ಒಂದು ಮಿಲ್ಲಿನಲ್ಲಿ ರಿಂಗ್ ಫ್ರೇಮ್ ಅನ್ನುವ ನೂಲುವ ಯಂತ್ರದ ಮೇಲೆ ಇದ್ದರು. ಮನೆಗೆ ಬಂದರೆ ಹುಬ್ಬು, ಕಿವಿ, ಮೂಗಿನ ಕೂದಲು ಎಲ್ಲಾ ಬಿಳಿ. ರಿಟೈರ್ ಆದ ಮೇಲೂ ಜೋರಾಗಿಯೇ ಮಾತಾಡುತ್ತಿದ್ದರು.

ಈ ಮೇರಿಯ ಒಂದು ಪತ್ರದಲ್ಲಿ ನನಗೆ ತಕ್ಷಣ ಗುರುತು ಸಿಕ್ಕಿದ ಮಾತಿದೆ. 1846ರ ಏಪ್ರಿಲ್‌ನಲ್ಲಿ ಬರೆದದ್ದು. ನಾಲ್ಕು ಸೈಡು ನೋಡಿಕೊಳ್ಳುತ್ತಿದ್ದೇನೆ, ಅದು ಒಬ್ಬ ಹುಡುಗಿಯ ಪೂರ್ತಿ ಕೆಲಸ ಅಂತ. ಸೈಡು ಅಂದರೆ ನೂಲುವ ಯಂತ್ರದ ಒಂದು ಬದಿ. ನಮ್ಮಪ್ಪನೂ ಹಾಗೆಯೇ ಹೇಳುತ್ತಿದ್ದರು, ಇವತ್ತು ಇಷ್ಟು ಸೈಡು ಕೊಟ್ಟರು ಅಂತ. ಅದಕ್ಕೂ ಮುಂಚಿನ ಡಿಸೆಂಬರ್ ಪತ್ರದಲ್ಲಿ, ಡಾಫಿಂಗ್ ಮಾಡುವುದರಲ್ಲಿ ನಮ್ಮ ವಿಭಾಗದ ಯಾವ ಹುಡುಗಿಗೂ ಕಡಿಮೆ ಇಲ್ಲ ಅಂತಲೂ ಬರೆಯುತ್ತಾಳೆ. ಗೊತ್ತಿಲ್ಲದವರಿಗೆ: ಡಾಫಿಂಗ್ ಅಂದರೆ ನೂಲು ತುಂಬಿದ ಬಾಬಿನ್ ತೆಗೆದು ಖಾಲಿ ಬಾಬಿನ್ ಹಾಕುವುದು. ಬೆರಳು ಚುರುಕಾಗಿರಬೇಕು. ಯಂತ್ರ ನಿಂತಷ್ಟೂ ಹೊತ್ತು ನಷ್ಟ, ಮೇಲಿನವನು ನಿಂತು ನೋಡುತ್ತಿರುತ್ತಾನೆ. ಕಲಿಯಲು ಆರು ತಿಂಗಳು ಬೇಕು, ನಾನು ಮೂರರೊಳಗೆ ಫ್ರೇಮ್ ಹಿಡಿಯುತ್ತೇನೆ ಅಂತ ಅವಳು ಹೇಳಿಕೊಂಡಿದ್ದರಲ್ಲಿ ಅತಿಶಯ ಏನೂ ಕಾಣುವುದಿಲ್ಲ. ಕೆಲಸ ಬಲ್ಲವಳ ಹೆಮ್ಮೆ ಅದು.

ಹೇಮಾವತಿ ತೀರ:
ಇದೇ ನನಗೆ ಬೇಕಿದ್ದ ಉತ್ತರ! ಡಾಫಿಂಗ್ ಅಂದರೆ ಏನು ಅಂತ ತಲೆಕೆಡಿಸಿಕೊಂಡಿದ್ದೆ. ಆ ಏಪ್ರಿಲ್ ಪತ್ರದಲ್ಲೇ, ನಾನು ತುಂಬಾ ಬಡವಾಗಿದ್ದೇನೆ ಅಂತ ಎಲ್ಲರೂ ಹೇಳುತ್ತಾರೆ ಅಂತಲೂ ಬರುತ್ತದಲ್ಲ, ಅದು ಮೈ ಸೊರಗಿದ್ದನ್ನೇ ಹೇಳಿದ್ದು ತಾನೇ?

ಇತಿಹಾಸದ ಮೇಷ್ಟ್ರು:
ಹೌದು. ಆ ಪತ್ರದಲ್ಲಿ ದಿನಚರಿಯೂ ಇದೆ. ಬೆಳಿಗ್ಗೆ ನಾಲ್ಕೂವರೆಗೆ ಏಳುವ ಗಂಟೆ, ಐದಕ್ಕೆ ಮಿಲ್ಲಿನೊಳಗೆ. ಏಳಕ್ಕೆ ತಿಂಡಿಗೆ ಅರ್ಧ ಗಂಟೆ, ಹನ್ನೆರಡೂವರೆಗೆ ಊಟಕ್ಕೆ ಅರ್ಧ ಗಂಟೆ. ಸಂಜೆ ಏಳಕ್ಕೆ ಬಿಡುಗಡೆ. ಅಂದರೆ ದಿನಕ್ಕೆ 13 ಗಂಟೆ ಕೆಲಸ. ಆ ಅರ್ಧ ಗಂಟೆಯಲ್ಲೇ ವಸತಿಗೃಹಕ್ಕೆ ಓಡಿ, ತಿಂದು, ಓಡಿ ಬರಬೇಕು. ರಾತ್ರಿ ಹತ್ತಕ್ಕೆ ಮಲಗಬೇಕು. ಮೈ ಸೊರಗದೆ ಇನ್ನೇನಾಗುತ್ತದೆ?

ಅಂಚೆ ಪೆಟ್ಟಿಗೆ:
ನೀವೆಲ್ಲ ಮಿಲ್ಲನ್ನೇ ನೋಡುತ್ತಿದ್ದೀರಿ. ಪತ್ರವನ್ನು ಪತ್ರವಾಗಿ ನೋಡಿ. ಇದು ಡೈರಿ ಅಲ್ಲ. ಎದುರಿಗೆ ಅಪ್ಪ ಇದ್ದಾನೆ.

ಇನ್ನೊಂದು ವಿಷಯ. ಅವಳ ಮೊದಲ ಪತ್ರ 1845ರ ಸೆಪ್ಟೆಂಬರ್‌ನದು. ಅದೇ ವರ್ಷ ಜುಲೈನಲ್ಲಿ ಅಮೆರಿಕದ ಅಂಚೆ ದರ ಇಳಿಯಿತು. ಅಲ್ಲಿಯವರೆಗೆ ಹಾಳೆಯ ಲೆಕ್ಕ, ದೂರದ ಲೆಕ್ಕ. ದೂರದ ಊರಿಗೆ ಒಂದು ಹಾಳೆಗೆ 25 ಸೆಂಟ್‌ವರೆಗೂ ಹೋಗುತ್ತಿತ್ತು. ಲಕೋಟೆ ಹಾಕಿದರೆ ಅದೂ ಇನ್ನೊಂದು ಹಾಳೆ ಅಂತ ಎಣಿಸುತ್ತಿದ್ದರು. ಹಾಗಾಗಿ ಬರೆದ ಹಾಳೆಯನ್ನೇ ಮಡಚಿ, ಅಂಟಿಸಿ, ಹೊರಗೆ ವಿಳಾಸ ಬರೆಯುತ್ತಿದ್ದರು. ಹೊಸ ದರದಲ್ಲಿ ಅರ್ಧ ಔನ್ಸ್ ತೂಕದ ಪತ್ರ 300 ಮೈಲಿಯೊಳಗೆ 5 ಸೆಂಟ್. ಅಂಚೆಚೀಟಿ ಬಂದಿದ್ದು 1847ರಲ್ಲಿ. ಹೆಚ್ಚಾಗಿ ಪತ್ರ ಪಡೆದವರೇ ದುಡ್ಡು ಕೊಡುವ ರೂಢಿ ಇತ್ತು. ದರ ಇಳಿಯದೇ ಇದ್ದಿದ್ದರೆ ಇಂಥ ಬಡ ಹುಡುಗಿಯರು ಇಷ್ಟು ಪತ್ರ ಬರೆಯುತ್ತಿದ್ದರಾ ಅನ್ನುವುದು ನನ್ನ ಅನುಮಾನ.

ರಾಗಿ ಹೊಲ:
5 ಸೆಂಟ್ ಕಡಿಮೆ ಅಲ್ವಾ ಸರ್?

ಅಂಚೆ ಪೆಟ್ಟಿಗೆ:
ಅವಳ ಸಂಬಳಕ್ಕೆ ಕಡಿಮೆ ಅಲ್ಲ. ಡಿಸೆಂಬರ್ ಪತ್ರದಲ್ಲಿ ಲೆಕ್ಕ ಕೊಟ್ಟಿದ್ದಾಳೆ. ಬಂದಿದ್ದು 6 ಡಾಲರ್ 60 ಸೆಂಟ್. ಅದರಲ್ಲಿ 4 ಡಾಲರ್ 68 ಸೆಂಟ್ ಊಟ-ವಸತಿಗೆ. ಉಳಿದಿದ್ದು 1 ಡಾಲರ್ 92 ಸೆಂಟ್. ಸಂಬಳ ಕೊಡುತ್ತಿದ್ದುದು ಸುಮಾರು ನಾಲ್ಕು ವಾರಕ್ಕೊಮ್ಮೆ. ಅಂದರೆ ವಾರಕ್ಕೆ ಕೈಗೆ ಅರ್ಧ ಡಾಲರ್. ಆ ದುಡ್ಡಿನಲ್ಲಿ 50 ಸೆಂಟಿನ ಒಂದು ಜೊತೆ ಶೂ, ಅದರ ಮೇಲೆ ಹಾಕುವ ರಬ್ಬರ್ ಜೋಡು ಕೊಂಡಳು. ಅಪ್ಪನ ಹತ್ತಿರ ಕೇಳಿದ್ದು ಬಟ್ಟೆಗೆ ದುಡಿಯುತ್ತೇನೆ ಅಂತ. ಮೊದಲ ದುಡ್ಡು ಹೋಗಿದ್ದು ಕಾಲಿಗೆ, ಯಾಕೆಂದರೆ ಹೊರಗೆ ಹಿಮ.

ಬಾಸ್ಟನ್ ಕನ್ನಡತಿ:
ಹಿಮ ಅಂದಿರಲ್ಲ, ಅದೇ ಪತ್ರದಲ್ಲಿ ಒಂದು ಸಾವಿನ ಸುದ್ದಿಯೂ ಇದೆ. ಮಿಲ್ಲಿನ ಬಾಗಿಲಲ್ಲಿ ಮಂಜುಗಡ್ಡೆ ಮೇಲೆ ಕಾಲು ಜಾರಿ ಒಬ್ಬ ಹುಡುಗಿ ಬಿದ್ದಳು, ಕುತ್ತಿಗೆ ಮುರಿದು ಅಲ್ಲೇ ಹೋದಳು. ಅದೇ ದಿನ ಒಬ್ಬ ರೈಲಿಗೆ ಸಿಕ್ಕಿ ಸತ್ತ. ಇನ್ನೊಬ್ಬನ ಪಕ್ಕೆಲುಬು ಹೆಚ್ಚುಕಮ್ಮಿ ಎಲ್ಲಾ ಮುರಿದವು. ಮತ್ತೊಬ್ಬನ ಮೇಲೆ ಹತ್ತಿಯ ಬೇಲು ಬಿತ್ತು. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ, ಹೋದ ಮಂಗಳವಾರ ಸಂಬಳ ಆಯಿತು ಅಂತ ಮುಂದುವರಿಸುತ್ತಾಳೆ. ಇಲ್ಲಿನ ಚಳಿಗಾಲದಲ್ಲಿ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಮೆಟ್ಟಿಲಿನ ಮೇಲೆ ಹೆಜ್ಜೆ ಇಡುವಾಗಲೆಲ್ಲ ನನಗೆ ಆ ಹುಡುಗಿ ನೆನಪಾಗುತ್ತಾಳೆ. ಅವಳ ಹೆಸರೂ ಪತ್ರದಲ್ಲಿಲ್ಲ.

ಹೇಮಾವತಿ ತೀರ:
ಹಾಗಾದರೆ ಮುಚ್ಚಿಟ್ಟಿಲ್ಲ ಅಂತಾಯಿತು. ಅಪ್ಪನಿಗೆ ಗಾಬರಿಯಾಗಬಾರದು ಅಂತಿದ್ದರೆ ಇದನ್ನೆಲ್ಲ ಬರೆಯುತ್ತಿರಲಿಲ್ಲ.

ಪಾಳಿ ಬಸ್ಸು:
ಅಕ್ಕಾ, ಅಷ್ಟು ಬೇಗ ತೀರ್ಮಾನ ಮಾಡಬೇಡಿ. ನನ್ನಮ್ಮ ಬೆಂಗಳೂರಲ್ಲಿ ಗಾರ್ಮೆಂಟ್ಸ್‌ನಲ್ಲಿ ದುಡಿದವರು. ಕಂಪನಿ ಹೆಸರು ಬೇಡ. ಮಂಡ್ಯ ಕಡೆಯ ಹಳ್ಳಿಯಿಂದ ಮದುವೆಗೆ ಮುಂಚೆಯೇ ಬಂದಿದ್ದರು. ಭಾನುವಾರ ಸಂಜೆ ಕಾಯಿನ್ ಬೂತ್ ಮುಂದೆ ಕ್ಯೂ ನಿಂತು, ಪಕ್ಕದ ಮನೆಯ ಫೋನಿಗೆ ಮಾಡಿ ಅಜ್ಜನ ಜೊತೆ ಮಾತಾಡುತ್ತಿದ್ದರಂತೆ. ಯಾರದೋ ಬೆರಳಿಗೆ ಸೂಜಿ ಹೊಕ್ಕಿತು, ಯಾರೋ ತಲೆಸುತ್ತಿ ಬಿದ್ದಳು, ಇದನ್ನೆಲ್ಲ ಹೇಳುತ್ತಿದ್ದರು. ತಮಗೆ ಆದದ್ದು ಮಾತ್ರ ಹೇಳುತ್ತಿರಲಿಲ್ಲ. ಟಾರ್ಗೆಟ್ ಮುಟ್ಟಲಿಲ್ಲ ಅಂತ ಲೈನ್ ಸೂಪರ್‌ವೈಸರ್ ಹೊಲಿದ ಪೀಸುಗಳನ್ನು ಮುಖದ ಮೇಲೆ ಎಸೆದದ್ದು ನನಗೆ ಗೊತ್ತಾಗಿದ್ದೇ ನಾನು ಕೆಲಸಕ್ಕೆ ಸೇರಿದ ಮೇಲೆ. ಯಾಕಮ್ಮ ಹೇಳಲಿಲ್ಲ ಅಂದರೆ, ಹೇಳಿದ್ದರೆ ಅಪ್ಪ ಬಸ್ಸು ಹತ್ತಿ ಬಂದು ಕರೆದುಕೊಂಡು ಹೋಗುತ್ತಿದ್ದರು ಅಂದರು.

ಮೇರಿಯೂ ಅಷ್ಟೇ. ಬೇರೆಯವರ ಅಪಘಾತ ಬರೆಯುತ್ತಾಳೆ, ತನ್ನ ಬಗ್ಗೆ ಮೇಲ್ವಿಚಾರಕ ಒಳ್ಳೆಯವನು, ಊಟ ಚೆನ್ನಾಗಿದೆ ಅನ್ನುತ್ತಾಳೆ. ಮೈ ಸೊರಗಿದ್ದನ್ನೂ ಬೇರೆಯವರು ಹೇಳುತ್ತಾರೆ ಅಂತಲೇ ಬರೆದಳು. ವಾಪಸ್ಸು ಕರೆಸಿಕೊಂಡುಬಿಟ್ಟಾರು ಅನ್ನುವ ಭಯ ಅದು.

ಮಿಲ್ ಭೋಂಗಾ:
ಇದನ್ನು ಒಪ್ಪಬೇಕು. ನಮ್ಮಪ್ಪನ ದಮ್ಮಿನ ವಿಷಯ ಊರಿನ ಅಜ್ಜಿಗೆ ಕಡೆಯವರೆಗೂ ಗೊತ್ತಿರಲಿಲ್ಲ.

ಇತಿಹಾಸದ ಮೇಷ್ಟ್ರು:
ಪಾಳಿ ಬಸ್ಸು ಅವರ ಮಾತು ಸರಿ ಇರಬಹುದು. ಆದರೆ ಮುಚ್ಚಿಡುವುದು ಅಂದ ತಕ್ಷಣ ಲೋವೆಲ್ ಹುಡುಗಿಯರು ಬಾಯಿ ಮುಚ್ಚಿಕೊಂಡಿದ್ದರು ಅಂತ ಯಾರೂ ತಿಳಿಯಬಾರದು. 1834ರಲ್ಲಿ ಕೂಲಿ ಕಡಿತಕ್ಕೆ ಮಿಲ್ಲು ಬಿಟ್ಟು ಹೊರಗೆ ಬಂದರು. 1836ರಲ್ಲಿ ಊಟ-ವಸತಿ ದರ ಏರಿಸಿದ್ದಕ್ಕೆ ಮತ್ತೆ ಬಂದರು. ಆ ಸಲ 11 ವರ್ಷದ ಹ್ಯಾರಿಯೆಟ್ ಹ್ಯಾನ್ಸನ್ ಎಂಬ ಪುಟ್ಟ ಹುಡುಗಿ, ದೊಡ್ಡವರು ಹೋಗೋಣವೋ ಬೇಡವೋ ಅಂತ ನಿಂತಿದ್ದಾಗ ತಾನೇ ಮುಂದೆ ಹೆಜ್ಜೆ ಹಾಕಿದಳು, ಇಡೀ ವಿಭಾಗ ಹಿಂದೆ ಬಂತು. ದೊಡ್ಡವಳಾದ ಮೇಲೆ ಅದನ್ನು ತಾನೇ ಬರೆದಿಟ್ಟಿದ್ದಾಳೆ.

ಮೇರಿ ಲೋವೆಲ್‌ಗೆ ಬರುವ ಹೊತ್ತಿಗೆ ದಿನಕ್ಕೆ ಹತ್ತು ಗಂಟೆ ಕೆಲಸ ಸಾಕು ಅನ್ನುವ ಚಳವಳಿ ಜೋರಾಗಿತ್ತು. ಮುಂದಾಳು ಸಾರಾ ಬ್ಯಾಗ್ಲಿ, ಅವಳೂ ಮಿಲ್ಲಿನವಳೇ. 1845ರಲ್ಲಿ ಸಾವಿರಾರು ಸಹಿ ಹಾಕಿಸಿ ಅರ್ಜಿ ಕೊಟ್ಟರು. ರಾಜ್ಯದ ಶಾಸನಸಭೆ ಸಮಿತಿ ಮಾಡಿತು, ಹುಡುಗಿಯರನ್ನು ಕರೆದು ಕೇಳಿತು, ಕೊನೆಗೆ ಇದು ಕಾನೂನಿನ ಕೆಲಸ ಅಲ್ಲ ಅಂತ ಕೈ ತೊಳೆದುಕೊಂಡಿತು. ಸಮಿತಿಯ ಅಧ್ಯಕ್ಷ ವಿಲಿಯಂ ಷೌಲರ್ ಲೋವೆಲ್‌ನವನೇ. ಅವನ ವಿರುದ್ಧ ಈ ಹುಡುಗಿಯರು ಪ್ರಚಾರ ಮಾಡಿದರು, ಮುಂದಿನ ಚುನಾವಣೆಯಲ್ಲಿ ಅವನು ಸೋತ. ಇವರಿಗೆ ಮತದ ಹಕ್ಕೇ ಇರಲಿಲ್ಲ!

ಹತ್ತು ಗಂಟೆಯ ಕಾನೂನು ಮಸಾಚುಸೆಟ್ಸ್‌ನಲ್ಲಿ ಬಂದಿದ್ದು 1874ರಲ್ಲಿ.

ಪಾಳಿ ಬಸ್ಸು:
2016ರ ಏಪ್ರಿಲ್ ನೆನಪಿದೆಯಾ ಮೇಷ್ಟ್ರೇ? ಪಿಎಫ್ ಹಣ ತೆಗೆಯುವ ನಿಯಮ ಬದಲಾಯಿಸಿದರು ಅಂತ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದರು. ಕೇಂದ್ರ ಸರ್ಕಾರ ನಿಯಮ ವಾಪಸ್ಸು ತೆಗೆದುಕೊಂಡಿತು. ನನ್ನಮ್ಮನೂ ಅಲ್ಲಿದ್ದರು. ಎಸೆದ ಪೀಸುಗಳನ್ನು ಸುಮ್ಮನೆ ಎತ್ತಿಕೊಂಡವರೇ ಅವತ್ತು ರಸ್ತೆಯಲ್ಲಿ ಕೂತಿದ್ದರು.

ಕರಿಮಣ್ಣು:
ಒಂದು ಮಾತು ಯಾರೂ ಎತ್ತಲಿಲ್ಲ. ಈ ಮಿಲ್ಲುಗಳಿಗೆ ಹತ್ತಿ ಎಲ್ಲಿಂದ ಬರುತ್ತಿತ್ತು? ದಕ್ಷಿಣದ ರಾಜ್ಯಗಳಲ್ಲಿ ಗುಲಾಮರು ಬಿಡಿಸಿದ ಹತ್ತಿ. ಲೋವೆಲ್‌ನಲ್ಲಿ ಗುಲಾಮರಿಗೆ ಉಡಿಸಲೆಂದೇ ದೊರಗು ಬಟ್ಟೆಯನ್ನೂ ನೇಯುತ್ತಿದ್ದರು, ಅದು ಅದೇ ತೋಟಗಳಿಗೆ ವಾಪಸ್ಸು ಹೋಗುತ್ತಿತ್ತು. ಮೇರಿಗೆ ವಾರಕ್ಕೆ ಅರ್ಧ ಡಾಲರ್ ಉಳಿಯಿತು, ಆ ಹತ್ತಿ ಬಿಡಿಸಿದ ಹುಡುಗಿಗೆ ಒಂದು ಸೆಂಟೂ ಇಲ್ಲ. ಓದು ಬರಹ ಕಲಿಸುವುದನ್ನೇ ಎಷ್ಟೋ ರಾಜ್ಯಗಳಲ್ಲಿ ಕಾನೂನು ತಡೆದಿತ್ತು. ಅವಳ ಪತ್ರ ಎಲ್ಲಿ ಹುಡುಕುತ್ತೀರಿ?

ಬಾಸ್ಟನ್ ಕನ್ನಡತಿ:
ಒಪ್ಪುತ್ತೇನೆ, ಆದರೆ ಅರ್ಧ ಮಾತು ಬಿಟ್ಟಿರಿ. ಲೋವೆಲ್ ಹುಡುಗಿಯರಲ್ಲೇ ಗುಲಾಮಗಿರಿ ವಿರೋಧಿ ಸಂಘ ಕಟ್ಟಿದವರಿದ್ದರು, 1830ರ ದಶಕದಲ್ಲೇ ಅರ್ಜಿಗಳಿಗೆ ಸಹಿ ಹಾಕಿದವರಿದ್ದರು.

ಕರಿಮಣ್ಣು:
ಇದ್ದರು, ಇಲ್ಲ ಅನ್ನಲಿಲ್ಲ. ಮಾಲೀಕರ ಲಾಭಕ್ಕೆ ಅದರಿಂದ ಏನೂ ಆಗಲಿಲ್ಲ.

ಇನ್ನು ನಮ್ಮ ಕಡೆ ನೋಡಿ. 1840ರ ದಶಕದಲ್ಲೇ ಧಾರವಾಡ ಜಿಲ್ಲೆಗೆ ನ್ಯೂ ಆರ್ಲಿಯನ್ಸ್ ಹತ್ತಿಬೀಜ ತಂದರು. ಗದಗ, ಹುಬ್ಬಳ್ಳಿ ಸುತ್ತಮುತ್ತ ಚೆನ್ನಾಗಿ ಹತ್ತಿತು. ಧಾರವಾಡ-ಅಮೆರಿಕನ್ ಹತ್ತಿ ಅಂತಲೇ ಹೆಸರಾಯಿತು. ಅರಳೆ ಬಿಡಿಸಲು ಅಮೆರಿಕದ ಗರಗಸದ ಜಿನ್ನು ಬಂತು. 1861ರಲ್ಲಿ ಅಮೆರಿಕದ ಉತ್ತರ-ದಕ್ಷಿಣ ರಾಜ್ಯಗಳ ನಡುವೆ ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಹೊರಗೆ ಬರುವುದು ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ.

ಸುಮ್ನೆ ಓದುಗ:
ಅಂದರೆ ನಮ್ಮ ಹತ್ತಿ ಲೋವೆಲ್‌ಗೂ ಹೋಗಿತ್ತು ಅನ್ನಿ! ಎಂಥ ಸಂಬಂಧ!

ಕರಿಮಣ್ಣು:
ಇಲ್ಲ ಗುರು, ಹಾಗೆ ಜೋಡಿಸಬೇಡಿ. ನಮ್ಮದು ಹೋಗಿದ್ದು ಮುಂಬೈ ದಾಟಿ ಇಂಗ್ಲೆಂಡಿನ ಲ್ಯಾಂಕಾಶೈರ್ ಮಿಲ್ಲುಗಳಿಗೆ. ಯುದ್ಧದ ಹೊತ್ತಿನಲ್ಲಿ ಲೋವೆಲ್‌ನ ಹೆಚ್ಚಿನ ಮಿಲ್ಲುಗಳು ಇದ್ದ ಹತ್ತಿಯನ್ನೂ ಲಾಭಕ್ಕೆ ಮಾರಿ ಬಾಗಿಲು ಹಾಕಿದವು. ಕೆಲಸದವರು ಬೀದಿಗೆ ಬಿದ್ದರು. ಯುದ್ಧ ಮುಗಿದಾಗ ಬೆಲೆ ಬಿದ್ದು ನಮ್ಮ ಕಡೆಯವರೂ ಬಿದ್ದರು.

ಕಡಲ ಕುಮಟಾ:
ಧಾರವಾಡ ಅಂದಾಗ ನಮ್ಮೂರನ್ನು ಮರೆಯಬೇಡಿ. ಆ ಹತ್ತಿ ಘಟ್ಟ ಇಳಿದು ಹಡಗು ಹತ್ತುತ್ತಿದ್ದುದು ಕುಮಟೆಯಲ್ಲಿ. ಧಾರವಾಡದ ನಾಟಿ ಹತ್ತಿಯನ್ನು ಮುಂಬೈ ಪೇಟೆಯಲ್ಲಿ ಕುಮಟಾ ಹತ್ತಿ ಅಂತಲೇ ಕರೆಯುತ್ತಿದ್ದರು. ಆಮೇಲೆ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಮಿಲ್ಲಿನವರು ಕಾರವಾರ ಬಂದರು ಬೇಕು ಅಂತ ಒತ್ತಾಯ ಹಾಕಿದರು.

ಗೋಕಾಕ ನೀರು:
ಲೋವೆಲ್‌ಗೆ ಹೋಲಿಸಲೇಬೇಕಾದ್ದು ಗೋಕಾಕ ಮಿಲ್ಲು. ಲೋವೆಲ್ ಹುಟ್ಟಿದ್ದು ಮೆರಿಮ್ಯಾಕ್ ನದಿಯ ಪಾಟಕೆಟ್ ಜಲಪಾತದ ಪಕ್ಕ, ನಮ್ಮ ಮಿಲ್ಲು 1887ರಲ್ಲಿ ಶುರುವಾಗಿದ್ದು ಘಟಪ್ರಭೆಯ ಧಬಧಬೆ ಪಕ್ಕ. ಎರಡೂ ಕಡೆ ನೀರೇ ಯಂತ್ರ ತಿರುಗಿಸಿದ್ದು. ಮೇರಿ ಒಂದು ಪತ್ರದಲ್ಲಿ ನದಿ ನೀರು ಹಿಂದಕ್ಕೆ ಒತ್ತಿದ್ದರಿಂದ ಕೆಲಸ ನಿಂತು ಸಂಬಳ ಕಡಿಮೆ ಆಯಿತು ಅನ್ನುತ್ತಾಳೆ. ಪ್ರವಾಹ ಬಂದರೆ ಕೆಳಗಿನ ನೀರು ಏರಿ ಚಕ್ರ ತಿರುಗುವುದಿಲ್ಲ. ನೀರು ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ, ನಷ್ಟ ಮಾತ್ರ ಕೂಲಿಯವರಿಗೆ.

ಹೇಮಾವತಿ ತೀರ:
ಹತ್ತಿ, ಬಂದರು ಎಲ್ಲಾ ಒಳ್ಳೆಯ ಮಾಹಿತಿ, ಇನ್ನೊಂದು ಚರ್ಚೆಯನ್ನೇ ತೆರೆಯಬಹುದು. ಮೇರಿಗೆ ಆಮೇಲೆ ಏನಾಯಿತು, ಯಾರಾದರೂ ಹೇಳಿ. ನಾನು ಓದಿದ್ದು 1848ರವರೆಗೆ ಮಾತ್ರ.

ಇತಿಹಾಸದ ಮೇಷ್ಟ್ರು:
ಮುಂದಿನದ್ದು ಇನ್ನೂ ಚೆನ್ನಾಗಿದೆ. ಲೋವೆಲ್ ಬಿಟ್ಟು ಅಪ್ಪನ ಮನೆ ನೋಡಿಕೊಂಡಿದ್ದಳು. ಆಮೇಲೆ ವರ್ಮಾಂಟ್‌ನ ಬ್ರ್ಯಾಟಲ್‌ಬರೋ ಊರಿನಲ್ಲಿ ಕೋಟು ಹೊಲಿದಳು. 1854ರಲ್ಲಿ ನ್ಯೂಜೆರ್ಸಿಯ ರೆಡ್ ಬ್ಯಾಂಕ್ ಬಳಿಯ ಒಂದು ಸಮುದಾಯ ಸೇರಿದಳು. ಫ್ರೆಂಚ್ ಚಿಂತಕ ಫೂರಿಯೆಯ ವಿಚಾರದಂತೆ ಎಲ್ಲರೂ ಕೂಡಿ ದುಡಿದು ಕೂಡಿ ಬದುಕುವ ಜಾಗ. ಯಾಕೆ ಹೋಗುತ್ತೇನೆ ಅಂತ ಅಪ್ಪನಿಗೆ ಕಾರಣ ಕೊಟ್ಟಿದ್ದಾಳೆ: ಅಲ್ಲಿ ಒಂದೇ ಕೆಲಸಕ್ಕೆ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ. ಅದೇ ವರ್ಷ ಅವರ ಗಿರಣಿಗೆ ಬೆಂಕಿ ಬಿತ್ತು, ಸಮುದಾಯ ಮುಳುಗಿತು. 1857ರಲ್ಲಿ ಮದುವೆಯಾಗಿ ಮಸಾಚುಸೆಟ್ಸ್‌ನ ಲಿನ್ ಊರಿಗೆ ಹೋದಳು.

ರಾಗಿ ಹೊಲ:
1854ರಲ್ಲೇ ಸಮಾನ ಕೂಲಿ! ನಮ್ಮೂರಲ್ಲಿ ಕಳೆ ಕೀಳುವ ಹೆಂಗಸರಿಗೆ ಇವತ್ತಿಗೂ ಗಂಡಾಳಿನ ಕೂಲಿ ಕೊಡುವುದಿಲ್ಲ. ಹೆಂಗಸರ ಕೆಲಸ ಹಗುರ ಅಂತಾರೆ. ದಿನವಿಡೀ ಬಗ್ಗಿ ನೋಡಲಿ, ಗೊತ್ತಾಗುತ್ತದೆ.

ಸುಮ್ನೆ ಓದುಗ:
ಅಪ್ಪ ತಿರುಗಿ ಬರೆದ ಪತ್ರಗಳು?

ಅಂಚೆ ಪೆಟ್ಟಿಗೆ:
ಊರೂರು ತಿರುಗುವವರ ಪೆಟ್ಟಿಗೆಯಲ್ಲಿ ಕಾಗದ ಉಳಿಯುವುದು ಕಷ್ಟ. ಅಪ್ಪ ಅವಳದನ್ನು ಎಸೆಯದೆ ಇಟ್ಟುಕೊಂಡಿದ್ದಕ್ಕೇ ನಾವಿವತ್ತು ಓದುತ್ತಿರುವುದು. ಆ ಪತ್ರಗಳು ಈಗ ವರ್ಮಾಂಟ್ ಇತಿಹಾಸ ಸಂಘದಲ್ಲಿವೆ.

ಗೋಕಾಕ ನೀರು:
ನಮ್ಮ ಕಡೆ ಹಳೆಯ ಮಿಲ್ ಕಾರ್ಮಿಕರ ಪತ್ರ, ಪಗಾರ ಚೀಟಿ, ಯೂನಿಯನ್ ರಸೀದಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಫೋಟೋ ತೆಗೆದು ಇಲ್ಲಿ ಹಾಕಿ, ಹೆಸರು ವಿಳಾಸ ಮುಚ್ಚಿ.

ಮಿಲ್ ಭೋಂಗಾ:
ಅಪ್ಪನ ಪಗಾರ ಚೀಟಿಗಳು ಟ್ರಂಕಿನಲ್ಲಿವೆ. ಪತ್ರ ಇಲ್ಲ, ಅವರಿಗೆ ಬರೆಯಲು ಬರುತ್ತಿರಲಿಲ್ಲ, ಸಹಿ ಮಾತ್ರ ಹಾಕುತ್ತಿದ್ದರು. ಈ ವಾರ ಹುಬ್ಬಳ್ಳಿಗೆ ಹೋಗುತ್ತೇನೆ, ತೆಗೆದು ಹಾಕುತ್ತೇನೆ.